ವರ್ತನೆಯ ಹಾಲು

ಗೃಹಸ್ಥರು ದಿನಂಪ್ರತಿ ಕೊಳ್ಳುವ ಪದಾರ್ಥಗಳಲ್ಲಿ ಹಾಲಿನಷ್ಟು ನಂಬಿಕೆಯಿಂದ ಕೊಳ್ಳುವುದು ಮತ್ತೊಂದಿಲ್ಲ. ಅಕ್ಕಿಯನ್ನು ಅಂಗೈಯ ಮೇಲೆ ಹಾಕಿಕೊಂಡು ನೋಡುತ್ತೇವೆ. ಬೆಂಡೆಕಾಯಿಯ ತುದಿಯನ್ನು ಮುರಿದು ನೋಡುತ್ತೇವೆ. ಬಟ್ಟೆಯನ್ನು ಹಿಡಿದೆಳೆದು ನೋಡುತ್ತೇವೆ. ಹಾಲನ್ನು ಮಾತ್ರ ಪಾತ್ರೆಯೊಡ್ಡಿ ಹೊಯ್ಯಿಸಿಕೊಂಡು ಸುಮ್ಮನೆ ಒಳಕ್ಕೆ ಹೋಗುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಬಲ್ಲವರೂ ಹೀಗೆಯೇ ಮಾಡುವುದುಂಟು. ಆದರೆ ಈ ಹಾಲನ್ನು ಮುಖ್ಯವಾಗಿ ಕುಡಿಯತಕ್ಕವರು ಎಳೆಯ ಮಕ್ಕಳು, ಬಸುರಿ ಬಾಣಂತಿಯರು, ವೃದ್ಧರು ಮತ್ತು ರೋಗಿಗಳು. ಹಾಲು ಕೆಟ್ಟರೆ ಮೊದಲು ಕೆಡುಕಾಗುವುದು ತಮ್ಮ ಕಷ್ಟವನ್ನು ಹೇಳಿಕೊಳ್ಳಲಾರದವರಿಗೆ. ಆದುದರಿಂದ ಈ ವಿಷಯವಾಗಿ ನಾವು ಕೆಲವು ಮಾತುಗಳನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಬೆಂಗಳೂರಿನ ದಕ್ಷಿಣಕ್ಕೆ ಕನಕಪುರದ ರಸ್ತೆಯನ್ನು ಹಿಡಿದು ಹೋಗುವವರೆಲ್ಲರಿಗೂ ಸಾರಕ್ಕಿಯ ಹೆಸರು ಪರಿಚಿತವಾದುದು. ಒಂದು ಕಾಲಕ್ಕೆ ಅದು ತನ್ನ ಕೆರೆ, ಹೊಲಗದ್ದೆಗಳನ್ನು ಹೊಂದಿ ಪಟ್ಟಣಕ್ಕೆ ದೂರವಾಗಿದ್ದ ಗ್ರಾಮ. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರವಿಟ್ಟ ಬಳಿಕ ಪಟ್ಟಣವು ಇತ್ತ ಕಡೆಗೆ ಬೆಳೆಯುತ್ತ ಬಂದಿತು. ಆಮೇಲೆ ಜಯಪ್ರಕಾಶ ನಾರಾಯಣರ ಹೆಸರಿನ ಬಡಾವಣೆಯು ಎದ್ದಿತು. ಗ್ರಾಮವು ಮನೆಗಳ ನಡುವೆ ಒಂದು ಬಡಾವಣೆಯಂತೆಯೇ ಆಗಿಹೋಯಿತು. ಹೀಗೆ ಪಟ್ಟಣವು ನುಂಗಿದ ಗ್ರಾಮಗಳಲ್ಲಿ ದನಗಳನ್ನು ಸಾಕುವ ಕುಟುಂಬಗಳು ಇನ್ನೂ ಉಂಟು. ಬೆಳಗ್ಗೆ ಮತ್ತು ಸಂಜೆ ಹೊಸ ಮನೆಗಳವರು ಪಾತ್ರೆಯನ್ನು ಹಿಡಿದು ಇಂತಹ ಕೊಟ್ಟಿಗೆಗಳ ಬಾಗಿಲಿಗೆ ಬರುವುದೂ ಉಂಟು. ಪ್ಯಾಕೆಟ್ಟಿನ ಹಾಲಿಗೆ ರುಚಿಯಿಲ್ಲ, ಕೆನೆಯಿಲ್ಲ; ಕಣ್ಣೆದುರಿಗೆ ಕರೆದ ನೊರೆಹಾಲಿನಲ್ಲಿಯೇ ಸತ್ತ್ವವೆಲ್ಲ ಇದೆ ಎಂಬುದು ಅವರ ನಂಬಿಕೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯದಿದ್ದರೆ ಅಪಾಯವಿದೆ.

ಒಂದೇ ಮನೆಯವರಿಂದ ನಿತ್ಯವೂ ಗೊತ್ತಾದ ಅಳತೆಯ ಹಾಲನ್ನು ಕೊಳ್ಳುವುದಕ್ಕೆ ನಮ್ಮ ಸೀಮೆಯಲ್ಲಿ ವರ್ತನೆಯೆಂದು ಹೆಸರು. ಹಿಂದೆ ವರ್ತನೆಯವರು ಹಸುವನ್ನೇ ಮನೆಯ ಮುಂದಕ್ಕೆ ಹೊಡೆದುಕೊಂಡು ಬಂದು ಗೃಹಿಣಿಯ ಎದುರಿನಲ್ಲಿ ಕರೆದುಕೊಡುತ್ತಿದ್ದರು. ಕರೆಯುವ ಮೊದಲು ಪಾತ್ರೆಯನ್ನು ಬೋರಲು ಹಾಕಿ ತೋರಿಸಬೇಕೆಂದು ಗೃಹಿಣಿಯು ಹಟ ಹಿಡಿಯುತ್ತಿದ್ದಳು. ಏಕೆಂದರೆ ಪಾತ್ರೆಯ ತಳದಲ್ಲಿ ಮೊದಲೇ ಸ್ವಲ್ಪ ನೀರಿದ್ದರೆ ನೊರೆಯ ಕೆಳಗೆ ಅದು ಕಾಣುವುದಿಲ್ಲ. ಈ ಏರ್ಪಾಡೆಲ್ಲವೂ ನೀರಿನ ಮೋಸವನ್ನು ತಡೆಯುವುದಕ್ಕಾಗಿ ಆದುದು.

ಈ ಮೋಸವನ್ನು ಕಂಡುಹಿಡಿಯಲು ಈಗ ಲ್ಯಾಕ್ಟೋಮೀಟರೆಂಬ ಗಾಜಿನ ಉಪಕರಣವನ್ನು ಬಳಸುವವರಿದ್ದಾರೆ. ಹಾಲು ನೀರಿಗಿಂತ ತೂಕವಾದುದು. ನೀರು ಬೆರೆತಷ್ಟೂ ಉಪಕರಣವು ಹೆಚ್ಚು ಮುಳುಗುತ್ತದೆ. ಆದರೆ ಇದೊಂದನ್ನೇ ನಂಬಲಾಗದು. ಕೊಬ್ಬು ನೀರಿಗಿಂತ ಹಗುರವಾದುದರಿಂದ, ಕೆನೆ ತೆಗೆದ ಹಾಲು ಇನ್ನೂ ತೂಕವಾಗುತ್ತದೆ. ಮೊದಲು ಕೆನೆಯನ್ನು ತೆಗೆದುಕೊಂಡು, ಆಮೇಲೆ ಲೆಕ್ಕವಾಗಿ ನೀರು ಸೇರಿಸಿದರೆ ಉಪಕರಣವು ಒಳ್ಳೆಯ ಹಾಲಿನ ಗುರುತನ್ನೇ ತೋರಿಸುತ್ತದೆ. ಆದುದರಿಂದ ಕಾಯಿಸಿದ ಹಾಲಿನ ಕೆನೆಯನ್ನು ದಿನವೂ ಗಮನಿಸುವ ಗೃಹಿಣಿಯ ಕಣ್ಣು ಆ ಗಾಜಿನ ಕೊಳವೆಗಿಂತ ಹೆಚ್ಚು ಉಪಯುಕ್ತವಾದುದು. ಇದರಲ್ಲಿಯೂ ನ್ಯಾಯವಿರಬೇಕು. ಹೆಚ್ಚು ಹಾಲು ಕೊಡುವ ಹಾಲ್‌ಸ್ಟೀನ್ ಮಿಶ್ರತಳಿಯ ಹಸುವಿನ ಹಾಲಿನಲ್ಲಿ ಕೆನೆಯು ನಾಟಿ ಹಸುವಿನ ಹಾಲಿಗಿಂತ ತೆಳುವಾಗಿರುವುದು ಸಹಜ. ಎಮ್ಮೆಯ ಹಾಲಿನ ಕೆನೆಯನ್ನು ಅದರಿಂದ ನಿರೀಕ್ಷಿಸುವುದಂತೂ ಸಲ್ಲದು. ಕೆನೆ ತೆಳುವಾಯಿತೆಂದ ಮಾತ್ರಕ್ಕೆ ವರ್ತನೆಯವರನ್ನು ಕಳ್ಳರೆನ್ನಬಾರದು. ನಿನ್ನೆಯ ಕೆನೆಗೂ ಇಂದಿನ ಕೆನೆಗೂ ಕಾರಣವಿಲ್ಲದೆ ಬಹಳ ವ್ಯತ್ಯಾಸ ಬಂದರೆ ಆಗ ಕೇಳಬೇಕು.

ಇಷ್ಟು ಎಚ್ಚರ ವಹಿಸಿದವರು ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುವರು. ಆದರೆ ಕಣ್ಣೆದುರಿಗೆ ಕರೆದ ಹಾಲಿನಲ್ಲಿ ಕಣ್ಣಿಗೆ ಕಾಣದ ಕೆಡುಕು ಇರಬಹುದು. ಇದಕ್ಕೆ ಮಾಲ್ಟಾ ದ್ವೀಪದ ವೃತ್ತಾಂತಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಅಲ್ಲಿಯೂ ನಮ್ಮಲ್ಲಿ ಹಸುವನ್ನು ತರುತ್ತಿದ್ದಂತೆ ಆಡುಗಳನ್ನು ಬೀದಿಬೀದಿಗೆ ಹೊಡೆದುಕೊಂಡು ಹೋಗಿ ಮನೆಯ ಬಾಗಿಲಿನಲ್ಲಿಯೇ ಹಾಲು ಕರೆದುಕೊಡುವ ಪದ್ಧತಿಯಿತ್ತು. ಆ ದ್ವೀಪದಲ್ಲಿದ್ದ ಇಂಗ್ಲಿಷ್ ಸಿಪಾಯಿಗಳಿಗೆ ತಿಂಗಳುಗಟ್ಟಲೆ ಬಂದುಬಂದು ಹೋಗುವ ಒಂದು ಜ್ವರವು ತಗಲುತ್ತಿತ್ತು. ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು ೧೮೮೭ರಲ್ಲಿ ಈ ಜ್ವರದ ಕ್ರಿಮಿಯನ್ನು ಕಂಡುಹಿಡಿದನು. ಅದು ಎಲ್ಲಿಂದ ಬರುತ್ತದೆಂಬುದು ಮಾತ್ರ ಬಹುಕಾಲ ತಿಳಿಯಲಿಲ್ಲ. ೧೯೦೫ರಲ್ಲಿ ಮಾಲ್ಟಾದವನೇ ಆದ ವೈದ್ಯ ಥೆಮಿಸ್ಟೋಕ್ಲಿಸ್ ಜಮ್ಮಿತ್ ಎಂಬವನು ಅದು ಆಡುಗಳಲ್ಲಿರುವುದೆಂದು ಕಂಡನು. ವಿಶೇಷವೇನೆಂದರೆ, ಆ ಆಡುಗಳು ನೋಡುವುದಕ್ಕೆ ಆರೋಗ್ಯವಾಗಿಯೇ ಇದ್ದವು. ಹಾಲಿನ ಬಣ್ಣ, ರುಚಿಗಳಲ್ಲಿಯೂ ದೋಷವಿರಲಿಲ್ಲ. ೧೯೦೬ರಲ್ಲಿ ಸೈನ್ಯದವರಿಗೆ ಆಡಿನ ಹಾಲನ್ನು ನಿಲ್ಲಿಸಲಾಗಿ, ಅವರಲ್ಲಿ ಜ್ವರವು ಬೇಗನೆ ಇಳಿಮುಖವಾಯಿತು. ಹಸಿಹಾಲನ್ನು ಬಿಡದಿದ್ದ ಊರಿನ ಜನರಲ್ಲಿ ಅದು ಬಹುಕಾಲ ಉಳಿದುಕೊಂಡಿತು.

ಈ ಜಾತಿಯ ರೋಗವು ನಮ್ಮ ದನಗಳಿಗೂ ತಗಲುತ್ತದೆ. ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುವುದರಿಂದ ರೈತರು ಇದನ್ನು ಕಂದುರೋಗವೆನ್ನುವರು. ವೈದ್ಯರು ಬ್ರೂಸನ ಹೆಸರಿನಿಂದಲೇ ಬ್ರುಸೆಲ್ಲೋಸಿಸ್ ಎನ್ನುವರು. ಇಂತಹ ಹಸುವಿನ ಹಸಿಹಾಲನ್ನು ಕುಡಿದವರಿಗೆ ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಕಾಣಿಸಿಕೊಂಡು ಬಹುದಿನ ಪೀಡಿಸುತ್ತವೆ. ದನಗಳ ಕ್ಷಯವೂ ಹಸಿಹಾಲಿನ ಮೂಲಕ ಮನುಷ್ಯರಿಗೆ ಬರಬಲ್ಲುದು. ಇದಲ್ಲದೆ ಸಗಣಿ, ಕೆಚ್ಚಲು, ಕರೆಯುವವರ ಕೈ, ಪಾತ್ರೆ ಇವುಗಳಿಂದಲೂ ಕ್ರಿಮಿಗಳು ಸೇರುತ್ತವೆ. ಹಾಲು ಬೆಚ್ಚಗಿರುವಷ್ಟು ಹೊತ್ತೂ ಅವು ಬಹು ಬೇಗ ಹೆಚ್ಚುತ್ತವೆ. ಹಸಿಹಾಲಿನಿಂದ ತೆಗೆದ ಕೆನೆಯೂ ಈ ದೋಷಕ್ಕೆ ಹೊರತಲ್ಲ.

ಇದಕ್ಕೆ ಮದ್ದು ನಮ್ಮ ಒಲೆಯಲ್ಲಿಯೇ ಇದೆ. ಹಾಲನ್ನು ತಂದ ಕೂಡಲೇ ಕಾಯಿಸುವ ನಮ್ಮ ಹಿರಿಯರ ಪದ್ಧತಿಯು ಶಾಸ್ತ್ರಕ್ಕೆ ಪೂರ್ಣವಾಗಿ ಒಪ್ಪುವಂಥದು. ಪಾಶ್ಚರನ ಹೆಸರಿನಿಂದ ಪ್ರಸಿದ್ಧವಾದ ಕ್ರಮದಲ್ಲಿ ಹಾಲನ್ನು ೭೨ ಡಿಗ್ರಿ ಸೆಂಟಿಗ್ರೇಡಿನಲ್ಲಿ ೧೫ ಸೆಕೆಂಡು ಕಾಯಿಸಿ ಒಡನೆ ತಣಿಸುತ್ತಾರೆ. ೧೯೬೫ರಲ್ಲಿ ಬೆಂಗಳೂರು ಡೇರಿಯು ಆರಂಭವಾದ ಮೇಲೆ ಇಂತಹ ಹಾಲು ಪಟ್ಟಣದ ಮನೆಮನೆಗೂ ಬರತೊಡಗಿತು. ಕೊಟ್ಟಿಗೆಯ ಹಾಲನ್ನು ಕೊಳ್ಳುವವರು ಆ ಕೆಲಸವನ್ನು ತಾವೇ ಮಾಡಬೇಕು. ಮೊದಲ ಉಕ್ಕು ಬಂದೊಡನೆ ಇಳಿಸಬಾರದು. ನೊರೆಯು ಮೇಲೆದ್ದರೂ ಒಳಗಿನ ಹಾಲು ಚೆನ್ನಾಗಿ ಕುದಿದಿರುವುದಿಲ್ಲ. ಉರಿಯನ್ನು ತಗ್ಗಿಸಿ, ಸೌಟಿನಿಂದ ಕದಡುತ್ತ ಇನ್ನೂ ಕೆಲವು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ ತಣ್ಣನೆಯ ಸ್ಥಳದಲ್ಲಿಡಬೇಕು. ಕಾಯಿಸಿದರೆ ಸತ್ತ್ವ ಹೋಗುವುದೆಂಬುದು ಅತಿಶಯದ ಮಾತು. ಕೆಲವು ಜೀವಸತ್ತ್ವಗಳು ಸ್ವಲ್ಪ ಕಡಿಮೆಯಾಗುವುದು ನಿಜ. ಹಾಲನ್ನು ನಾವು ಮುಖ್ಯವಾಗಿ ಬಯಸುವ ಸಾರಜನಕ, ಸುಣ್ಣ, ಕೊಬ್ಬುಗಳು ಎಲ್ಲಿಗೂ ಹೋಗುವುದಿಲ್ಲ.

ಕೆನೆಯನ್ನು ಬಯಸುವವರಿಗೂ ಇದೇ ದಾರಿ. ಚೆನ್ನಾಗಿ ಕಾಯಿಸಿದ ಹಾಲನ್ನು ಅಗಲಬಾಯಿಯ ಪಾತ್ರೆಯಲ್ಲಿ ಕದಡದೆ ಆರಲು ಬಿಟ್ಟರೆ ಕೆನೆಯು ದಪ್ಪನಾಗಿ ಕಟ್ಟುತ್ತದೆ. ಅದನ್ನು ಕೆಲವು ದಿನ ತಣ್ಣಗೆ ಕೂಡಿಟ್ಟು, ಹೆಪ್ಪು ಹಾಕಿ ಕಡೆದರೆ ಬೆಣ್ಣೆಯೂ ಮಜ್ಜಿಗೆಯೂ ದೊರೆಯುತ್ತವೆ. ಹಸಿಕೆನೆಯನ್ನು ಹಾಗೆಯೇ ಮಕ್ಕಳಿಗೆ ತಿನ್ನಿಸುವ ಅವಶ್ಯಕತೆ ಯಾವ ಮನೆಗೂ ಇಲ್ಲ.

ಹಾಗಾದರೆ ಕಾಯಿಸಿಕೊಳ್ಳುವೆವಷ್ಟೆ, ಎಲ್ಲಿಯ ಹಾಲಾದರೇನು ಎಂದು ಕೆಲವರು ಕೇಳಬಹುದು. ಬೆಂಕಿಗೂ ಬಗ್ಗದ ದೋಷಗಳು ಕೆಲವಿವೆ. ಹಸುವಿಗೆ ಕೆಚ್ಚಲುಬಾವು ಬಂದು ಪಶುವೈದ್ಯರು ಔಷಧಿ ಕೊಟ್ಟಿದ್ದರೆ, ಅವರು ಹೇಳಿದಷ್ಟು ದಿನ ಆ ಹಾಲನ್ನು ಮಾರಬಾರದು. ಹಾಲಿಗಿಳಿದ ಔಷಧಿಯು ಕುದಿಸಿದರೆ ಹೋಗುವುದಿಲ್ಲ. ಮೇವಿನ ಮೂಲಕ ಬರುವ ವಿಷವೂ ಹಾಗೆಯೇ. ಸಾರಕ್ಕಿಯ ಕೆರೆಯು ದಾಖಲೆಯಲ್ಲಿ ೮೦ ಎಕರೆಗೂ ಮಿಕ್ಕಿದ್ದರೂ ಅದರ ಅಂಚು ಒತ್ತುವರಿಯಾಗಿತ್ತು. ೨೦೧೫ರಲ್ಲಿ ಜಿಲ್ಲಾಡಳಿತವು ಒತ್ತುವರಿಯನ್ನು ತೆರವು ಮಾಡಿಸಬೇಕಾಯಿತು. ಗೋಮಾಳಗಳು ಹೋದ ಪಟ್ಟಣದಲ್ಲಿ ದನಕ್ಕೆ ಹಸುರು ಎಲ್ಲಿಂದ ಬರಬೇಕು? ಕೊಳಚೆನೀರು ಹರಿಯುವ ಕೆರೆಯಂಗಳದ ಹುಲ್ಲು, ಬೀದಿಯ ಕಸದ ತೊಟ್ಟಿ ಇವೇ ಅದರ ಹುಲ್ಲುಗಾವಲಾದರೆ, ಎಷ್ಟು ಕುದಿಸಿದರೂ ಆ ಹಾಲನ್ನು ನಾವು ಒಳ್ಳೆಯದೆನ್ನಲಾರೆವು.

ಆದುದರಿಂದ ವರ್ತನೆ ಹಿಡಿಯುವ ಮೊದಲು ಒಮ್ಮೆ ಕೊಟ್ಟಿಗೆಯನ್ನು ನೋಡಿಬರಬೇಕು. ನೆಲವು ಒಣಗಿದೆಯೆ, ಸಗಣಿ ಗಂಜಲಗಳಿಗೆ ಹರಿದುಹೋಗಲು ದಾರಿಯಿದೆಯೆ, ಕೆಚ್ಚಲನ್ನೂ ಕೈಯನ್ನೂ ತೊಳೆದು ಕರೆಯುವರೆ, ಹಸುವು ಹುಲ್ಲು, ಹಿಂಡಿ, ಬೂಸಾ ತಿನ್ನುವುದೋ ಬೀದಿಯಲ್ಲಿ ಅಲೆಯುವುದೋ ಎಂಬುದು ಒಂದು ಗಳಿಗೆಯಲ್ಲಿ ತಿಳಿದುಹೋಗುತ್ತದೆ. "ಅಕ್ಕ, ಹಸುವಿಗೆ ಈ ವಾರ ಏನಾದರೂ ಮದ್ದು ಹಾಕಿಸಿದ್ದೀರಾ? ಹೆಣ್ಣುಕರುವಿಗೆ ಕಂದುರೋಗದ ಲಸಿಕೆ ಆಯಿತೆ?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆ ಲಸಿಕೆಯನ್ನು ೪ರಿಂದ ೮ ತಿಂಗಳ ಹೆಣ್ಣುಕರುಗಳಿಗೆ ಹಾಕುವರು. ಕೊಟ್ಟಿಗೆಯ ಕೆಲಸವು ಕೀಳೆಂದು ಯಾರೂ ಭಾವಿಸಬೇಕಾಗಿಲ್ಲ. ಬೆಂಗಳೂರಿನಲ್ಲಿಯೇ ೧೯೨೩ರಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಗೆಂದು ಇಂಪೀರಿಯಲ್ ಸಂಸ್ಥೆಯು ಸ್ಥಾಪಿತವಾಗಿತ್ತು. ೧೯೨೭ರಲ್ಲಿ ವಿಶ್ರಾಂತಿಗಾಗಿ ಇಲ್ಲಿಗೆ ಬಂದಿದ್ದ ಮಹಾತ್ಮ ಗಾಂಧಿಯವರು ಆ ಸಂಸ್ಥೆಗೆ ಹೋಗಿ ದನಗಳ ಪಾಲನೆಯನ್ನು ಕಲಿತರು. ೧೯೫೫ರಲ್ಲಿ ಅದರ ಮುಖ್ಯ ಕೇಂದ್ರವು ಕರ್ನಾಲಿಗೆ ಹೋದರೂ ದಕ್ಷಿಣದ ಶಾಖೆಯು ಆಡುಗೋಡಿಯಲ್ಲಿ ಉಳಿದಿದೆ.

ಕೊನೆಯದಾಗಿ ಕೊಳ್ಳುವವರ ಧರ್ಮವೂ ಒಂದುಂಟು. ಹಿಂಡಿ ಬೂಸಾಗಳ ಬೆಲೆ ಏರಿದಾಗಲೂ ಹಾಲಿನ ಬೆಲೆ ಏರಕೂಡದೆಂದು ಹಟ ಹಿಡಿಯುವವರು ವರ್ತನೆಯವರನ್ನು ತಾವೇ ನೀರಿನ ಕೊಡದ ಕಡೆಗೆ ತಳ್ಳುತ್ತಾರೆ. ಮದ್ದು ಕೊಟ್ಟ ದಿನಗಳ ಹಾಲನ್ನು ಚೆಲ್ಲಿ ನಿಜವನ್ನು ಹೇಳಿದವರಿಗೆ ಅದರಿಂದ ಪೂರ್ಣ ನಷ್ಟವಾಗುವಂತಿದ್ದರೆ, ಮುಂದಿನ ಸಲ ಅವರು ನಿಜ ಹೇಳುವರೆಂದು ಹೇಗೆ ನಂಬುವುದು? ಆ ದಿನಗಳಲ್ಲಿ ಬೇರೆ ಹಾಲನ್ನು ತಂದುಕೊಂಡು, ತಿಂಗಳ ಲೆಕ್ಕದಲ್ಲಿ ಒಂದಿಷ್ಟನ್ನು ಅವರಿಗೆ ಬಿಟ್ಟುಕೊಡುವುದು ಮಕ್ಕಳ ಆರೋಗ್ಯಕ್ಕೆ ತೆತ್ತ ಬೆಲೆಯೆಂದು ತಿಳಿಯಬೇಕು. ನ್ಯಾಯವಾದ ಬೆಲೆ ಕೊಟ್ಟು, ಕೊಟ್ಟಿಗೆಯನ್ನು ಕಣ್ಣಾರೆ ಕಂಡು, ಮನೆಗೆ ತಂದೊಡನೆ ಚೆನ್ನಾಗಿ ಕುದಿಸಿದ ಹಾಲನ್ನು ಗೃಹಿಣಿಯರು ನಿಶ್ಚಿಂತೆಯಿಂದ ಮಕ್ಕಳ ಲೋಟಕ್ಕೆ ಹೊಯ್ಯಬಹುದು. ಈ ಮೂರರಲ್ಲಿ ಯಾವೊಂದನ್ನೂ ಬಿಡಬಾರದೆಂದು ನಮ್ಮ ವಿಜ್ಞಾಪನೆ.