ಅಳೆಯುವ ವಿದ್ಯೆ

ಸೇಡಮಿನಿಂದ ಕಲಬುರಗಿಗೆ ಹೊರಟ ರೈಲುಬಂಡಿಯು ಮಳಖೇಡ ರೋಡ್, ಚಿತ್ತಾಪುರ, ವಾಡಿ, ಶಹಾಬಾದಗಳನ್ನು ಹಾದು ಹೋಗುತ್ತದೆ. ದಾರಿಯುದ್ದಕ್ಕೂ ಫರ್ಸಿ ಕಲ್ಲಿನ ಗಣಿಗಳು, ಸಿಮೆಂಟಿನ ಕಾರ್ಖಾನೆಗಳು. ಬೆಳಗಿನ ಬಂಡಿಯಲ್ಲಿ ಪುಸ್ತಕ ಹಿಡಿದು ಕುಳಿತ ಹುಡುಗ ಹುಡುಗಿಯರೂ ಕಾಣುತ್ತಾರೆ. ಚಿಂಚೋಳಿಯ ಕಡೆಯವರಿಗೆ ರೈಲಿನ ಸೌಕರ್ಯವಿಲ್ಲ. ಅವರು ಬಸ್ಸನ್ನೇ ನಂಬಬೇಕು.

ಬಿ.ಎಸ್‌ಸಿ. ತರಗತಿಗೆ ಕನ್ನಡ ಹೇಳುವ ನನ್ನ ಬಳಿಗೆ ಈಚೆಗೆ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. “ಈಕಿ ಭೌತಶಾಸ್ತ್ರದಾಗ ಎಂ.ಎಸ್‌ಸಿ. ಮಾಡ್ತೀನಂತಾಳ್ರಿ ಸರ. ಓದಿದ್ರ ಮುಂದೇನ್ರಿ?” ಎಂದು ಕೇಳಿದರು. ತೊಗರಿಯ ಒಂದು ಬೆಳೆ ಕೈಕೊಟ್ಟರೆ ಮಗಳ ಓದೇ ನಿಂತುಹೋಗುವಂತಹ ಮನೆಯಿಂದ ಬಂದ ಪ್ರಶ್ನೆಯಿದು. ಇದನ್ನು ಹಗುರವಾಗಿ ಕಾಣುವ ಅಧಿಕಾರ ಅಧ್ಯಾಪಕರಾದ ನಮಗಿಲ್ಲ.

ಕಲಬುರಗಿಯಲ್ಲಿ 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾದ ಸಂಸ್ಥೆಯು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಎರಡರಲ್ಲಿಯೂ ಭೌತವಿಜ್ಞಾನದ ವ್ಯಾಸಂಗವುಂಟು. ಮಹಾನಗರಗಳ ವಿದ್ಯಾಪೀಠಗಳ ವೈಭವ ಇವಕ್ಕಿಲ್ಲವೆನ್ನುವುದು ನಿಜ. ಆದರೆ ಸಣ್ಣ ವಿಭಾಗದಲ್ಲಿ ಅಧ್ಯಾಪಕನಿಗೆ ವಿದ್ಯಾರ್ಥಿಯ ಹೆಸರು ತಿಳಿದಿರುತ್ತದೆ. ‘ಜಡತ್ವ’, ‘ಸಂವೇಗ’ಗಳನ್ನು ಕನ್ನಡದಲ್ಲಿ ಕಲಿತವಳು ಇಂಗ್ಲಿಷಿನ ಪಾಠಕ್ಕೆ ಹೊಂದಿಕೊಳ್ಳುವ ಮೊದಲ ತಿಂಗಳುಗಳಲ್ಲಿ ಆ ಪರಿಚಯವೇ ದೊಡ್ಡ ಆಸರೆ.

ಇನ್ನು ಜೀವನೋಪಾಯದ ಮಾತು. ಎಲ್ಲರಿಗೂ ತಿಳಿದ ದಾರಿ ಅಧ್ಯಾಪನ: ಬಿ.ಎಡ್. ಜೊತೆಗೂಡಿದರೆ ಪದವಿಪೂರ್ವ ಕಾಲೇಜು. ನೆಟ್ ಅಥವಾ ಕೆ-ಸೆಟ್ ತೇರ್ಗಡೆಯಾದರೆ ಪದವಿ ಕಾಲೇಜು. 2013ರಲ್ಲಿ ಜಾರಿಗೆ ಬಂದ 371(ಜೆ) ವಿಧಿಯು ಈ ಪ್ರದೇಶದವರಿಗೆ ಹುದ್ದೆಗಳಲ್ಲಿ ಮೀಸಲಾತಿ ನೀಡಿದೆ. ಹಳ್ಳಿಯವರ ಕಿವಿಗೆ ಬೀಳದ ದಾರಿಗಳೂ ಉಂಟು. ಎಂ.ಎಸ್‌ಸಿ. ಬಳಿಕ ವಿಕಿರಣ ಭೌತವಿಜ್ಞಾನದ ಡಿಪ್ಲೊಮಾವನ್ನೂ ಆಸ್ಪತ್ರೆಯ ತರಬೇತಿಯನ್ನೂ ಮುಗಿಸಿದವರು ಕ್ಯಾನ್ಸರ್ ರೋಗಿಗೆ ಕೊಡಬೇಕಾದ ವಿಕಿರಣವನ್ನು ಲೆಕ್ಕಹಾಕುವ ವೈದ್ಯಕೀಯ ಭೌತವಿಜ್ಞಾನಿಗಳಾಗುತ್ತಾರೆ. ಹವಾಮಾನ ಇಲಾಖೆಗೂ ಭೌತವಿಜ್ಞಾನದ ಪದವೀಧರರು ಬೇಕು. ನೆರೆಯ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವನ್ನು ಶೋಧಿಸಿದ ಪರಮಾಣು ಖನಿಜ ನಿರ್ದೇಶನಾಲಯದ ಕೇಂದ್ರ ಕಚೇರಿಯು ಹೈದರಾಬಾದಿನಲ್ಲಿಯೇ ಇದೆ.

ಎಲ್ಲಕ್ಕಿಂತ ಹತ್ತಿರದ್ದು ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ. ಈ ತಾಲ್ಲೂಕುಗಳ ಸುಣ್ಣಕಲ್ಲು ಕಾರ್ಖಾನೆಯ ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಆ ಬೆಂಕಿಯನ್ನು ಮುಟ್ಟಿ ನೋಡುವವರಾರು? ಅದು ಹೊರಸೂಸುವ ವಿಕಿರಣವನ್ನು ಅಳೆದು ಬಿಸಿಯನ್ನು ತಿಳಿಯಬೇಕು. ಕಲ್ಲಿನ ಹಿಟ್ಟಿನ ಮೇಲೆ ಕ್ಷ-ಕಿರಣ ಹಾಯಿಸಿ, ಮರಳಿ ಹೊಮ್ಮುವ ಕಿರಣದಿಂದ ಕ್ಯಾಲ್ಸಿಯಂ ಎಷ್ಟು, ಸಿಲಿಕಾನ್ ಎಷ್ಟು ಎಂದು ನಿರ್ಣಯಿಸುತ್ತಾರೆ. ಇದು ಶುದ್ಧ ಭೌತವಿಜ್ಞಾನ. ಆದರೂ ಆ ಕೆಲಸಕ್ಕೆ ರಸಾಯನಶಾಸ್ತ್ರದವರನ್ನೂ ಇಂಜಿನಿಯರರನ್ನೂ ಕರೆಯುವುದೇ ವಾಡಿಕೆ. ನಮ್ಮ ವಿದ್ಯಾರ್ಥಿಗಳು ಎರಡು ತಿಂಗಳಾದರೂ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೈಪಳಗಿಸಿಕೊಳ್ಳುವ ಏರ್ಪಾಡಾದರೆ ಈ ವಾಡಿಕೆ ಬದಲಾದೀತು.

ಅಳೆಯುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಇಂದಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ‘ಕವಿರಾಜಮಾರ್ಗ’ ರಚಿತವಾಯಿತು. ಅದೇ ಅರಸನನ್ನು ಕೊಂಡಾಡಿದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ನೆರಳಿನ ಲೆಕ್ಕಕ್ಕೇ ಒಂದು ಅಧ್ಯಾಯವಿದೆ. ನಾವು ಮೊದಲನೆಯ ಗ್ರಂಥವನ್ನು ಅಭಿಮಾನದಿಂದ ನೆನೆಯುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

ನೌಕರಿ ನಿಶ್ಚಿತವೆಂದು ಆ ರೈತರಿಗೆ ನಾನು ಹೇಳಲಿಲ್ಲ, ಹೇಳಿದ್ದರೆ ಸುಳ್ಳಾಗುತ್ತಿತ್ತು. ದಾರಿಗಳು ಇಷ್ಟಿವೆ, ಪ್ರತಿಯೊಂದಕ್ಕೂ ಇಂತಿಂಥ ಪರೀಕ್ಷೆಯುಂಟು ಎಂದು ಒಂದು ಕಾಗದದ ಮೇಲೆ ಬರೆದುಕೊಟ್ಟೆ. ಅವರು ಅದನ್ನು ಮಡಚಿ ಮಗಳ ಕೈಗಿತ್ತರು. ಆಕೆ ಅರ್ಜಿ ಹಾಕಿದ್ದಾಳೆ. ಓದು ಮುಗಿಸಿ ಅದೇ ಬಂಡಿಯಲ್ಲಿ ಆಕೆ ಊರಿಗೆ ಹಿಂದಿರುಗುವ ಹೊತ್ತಿಗೆ ವಾಡಿಯ, ಶಹಾಬಾದದ ಕಾರ್ಖಾನೆಯ ಬಾಗಿಲೊಂದಾದರೂ ತೆರೆದಿರುವಂತೆ ಮಾಡುವುದು ನಮ್ಮೆಲ್ಲರ ಹೊಣೆ.