ಜಾಲತಾಣದ ಇ-ಮೇಲ್ ವಿಳಾಸಕ್ಕೂ ಒಂದು ಬೇಲಿ

ಸಂಘ-ಸಂಸ್ಥೆಗಳ ಜಾಲತಾಣಗಳಲ್ಲಿ ಅಧ್ಯಕ್ಷರಿಂದ ಮೊದಲ್ಗೊಂಡು ಕಾರ್ಯಕಾರಿ ಸಮಿತಿಯ ಸದಸ್ಯರವರೆಗೆ ಎಲ್ಲರ ಹೆಸರಿನೊಡನೆ ಇ-ಮೇಲ್ ವಿಳಾಸವನ್ನೂ ಪ್ರಕಟಿಸುವ ರೂಢಿಯುಂಟು. ಸಂಪರ್ಕಕ್ಕೆ ಅನುಕೂಲವಾಗಲೆಂಬ ಸದುದ್ದೇಶವೇ ಅದರ ಹಿಂದಿದೆ. ಆದರೆ ಆ ಪುಟವನ್ನು ಓದುವವರು ಸದಸ್ಯರು ಮಾತ್ರವಲ್ಲ. ವಿಳಾಸಗಳನ್ನು ಹೆಕ್ಕುವುದಕ್ಕೆಂದೇ ರಚಿಸಿದ ತಂತ್ರಾಂಶಗಳು ಹಗಲಿರುಳೆನ್ನದೆ ಅಂತರ್ಜಾಲವನ್ನು ಸುತ್ತುತ್ತಿರುತ್ತವೆ. ಅವುಗಳಿಗೆ 'ಹಾರ್ವೆಸ್ಟರ್', ಎಂದರೆ ಕೊಯ್ಲುಗಾರ ಎಂದು ಹೆಸರು. ಬಿತ್ತಿದವರೊಬ್ಬರು, ಕೊಯ್ಯುವವರು ಮತ್ತೊಬ್ಬರು!

1971ರಲ್ಲಿ ರೇ ಟಾಮ್ಲಿನ್‌ಸನ್ ಅವರು ಬಳಕೆದಾರನ ಹೆಸರನ್ನೂ ಗಣಕಯಂತ್ರದ ಹೆಸರನ್ನೂ ಬೇರ್ಪಡಿಸಲು 'ಅಟ್' ಚಿಹ್ನೆಯನ್ನು ಆರಿಸಿಕೊಂಡರು. ಇತರ ಬರಹದಲ್ಲಿ ಅಪರೂಪವಾದ ಆ ಚಿಹ್ನೆಯೇ ಈ ತಂತ್ರಾಂಶಕ್ಕೆ ಗುರುತುಗಂಬ. ಅದು ಪುಟದ ಅಂದಚಂದವನ್ನು ನೋಡುವುದಿಲ್ಲ. ಹಿಂದಿರುವ ಎಚ್‌ಟಿಎಂಎಲ್ ಮೂಲಪಠ್ಯವನ್ನು ಓದಿ, ಚಿಹ್ನೆಯ ಎಡಬಲದ ಅಕ್ಷರಗಳನ್ನು ಎತ್ತಿಕೊಂಡು ಮುಂದೆ ಸಾಗುತ್ತದೆ.

ಅಮೆರಿಕದ 'ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ' ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಸ್ಮರಣಾರ್ಹ. ಪ್ರಯೋಗಕ್ಕೆಂದು ತೆರೆದ ವಿಳಾಸಗಳಿಗೆ ಬಂದ ಸ್ಪ್ಯಾಮ್ ಅಂಚೆಯ ಬಹುಪಾಲು, ಸಾರ್ವಜನಿಕ ಜಾಲಪುಟಗಳಲ್ಲಿ ಕಾಣಿಸಿದ್ದ ವಿಳಾಸಗಳಿಗೇ ಬಂದಿತ್ತು. ಯಂತ್ರಕ್ಕೆ ತಿಳಿಯದಂತೆ ಮರೆಮಾಚಿದ್ದ ವಿಳಾಸಗಳಿಗೆ ಒಂದೂ ಬಂದಿರಲಿಲ್ಲ. ಇಂದಿನ ತಂತ್ರಾಂಶಗಳು ಅಂದಿಗಿಂತ ಜಾಣವಾಗಿವೆ. ಚಿಹ್ನೆಯ ಬದಲು ಆವರಣದಲ್ಲಿ 'ಅಟ್' ಎಂದು ಅಕ್ಷರದಲ್ಲಿ ಬರೆಯುವ ಹಳೆಯ ಉಪಾಯವನ್ನು ಅವು ಸುಲಭವಾಗಿ ಭೇದಿಸಬಲ್ಲವು.

ಬೇಡದ ಜಾಹೀರಾತುಗಳಷ್ಟೇ ಬರುವುದಾದರೆ ಅಳಿಸಿ ಸುಮ್ಮನಾಗಬಹುದಿತ್ತು. ಆದರೆ ಹೆಸರು, ಹುದ್ದೆ, ವಿಳಾಸ ಮೂರೂ ಒಂದೇ ಪುಟದಲ್ಲಿ ದೊರೆತರೆ ವಂಚಕನ ಕೆಲಸ ಹಗುರವಾಗುತ್ತದೆ. 'ಸಭೆಯಲ್ಲಿದ್ದೇನೆ, ಈ ಖಾತೆಗೆ ತುರ್ತಾಗಿ ಹಣ ರವಾನಿಸಿ' ಎಂದು ಅಧ್ಯಕ್ಷರ ಹೆಸರಿನಲ್ಲಿ ಕೋಶಾಧಿಕಾರಿಗೆ ಪತ್ರ ಬರಬಹುದು. ಒಮ್ಮೆ ಖಾತೆ ದಾಟಿದ ಹಣವನ್ನು ಮರಳಿ ಪಡೆಯುವುದೆಷ್ಟು ಕಷ್ಟವೆಂಬುದನ್ನು ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರು ಬಲ್ಲೆವು.

ಕಾನೂನಿನ ಆಸರೆ ಸೀಮಿತ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅನ್ವಯಿಸುವುದಿಲ್ಲ.

ಆದ್ದರಿಂದ ಸದಸ್ಯರ ಖಾಸಗಿ ವಿಳಾಸವನ್ನು ಪುಟದಲ್ಲಿ ಹಾಕದಿರುವುದೇ ಉತ್ತಮ. 'ಕಾರ್ಯದರ್ಶಿ', 'ಗ್ರಂಥಾಲಯ' ಎಂದು ಹುದ್ದೆಗೊಂದು, ವಿಭಾಗಕ್ಕೊಂದು ವಿಳಾಸವಿದ್ದರೆ ಪದಾಧಿಕಾರಿಗಳು ಬದಲಾದರೂ ಅದು ಉಳಿಯುತ್ತದೆ. ಸ್ಪ್ಯಾಮ್ ಮಿತಿಮೀರಿದರೆ ಅದೊಂದನ್ನೇ ಬದಲಿಸಬಹುದು. ಇದಕ್ಕಿಂತ ಭದ್ರವಾದುದು ಸಂಪರ್ಕ ನಮೂನೆ. ಓದುಗರು ಪುಟದಲ್ಲಿಯೇ ಸಂದೇಶ ಬರೆದು ಗುಂಡಿಯೊತ್ತಿದರೆ ಸರ್ವರ್ ಅದನ್ನು ತಲುಪಿಸುತ್ತದೆ. ಆದರೆ ತಲುಪಬೇಕಾದ ವಿಳಾಸವು ಸರ್ವರಿನಲ್ಲಿಯೇ ಇರಬೇಕು. ನಮೂನೆಯ ಮೂಲಪಠ್ಯದಲ್ಲಿ ಅದನ್ನು ಬರೆದಿಟ್ಟರೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲಿಟ್ಟಂತೆಯೇ ಸರಿ. ವಿಳಾಸವನ್ನು ಚಿತ್ರರೂಪದಲ್ಲಿ ಹಾಕುವವರೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನು ಅವಲಂಬಿಸಿದ ದೃಷ್ಟಿಹೀನರಿಗೆ ಅದು ದಕ್ಕುವುದಿಲ್ಲ.

ಈಗಾಗಲೇ ಕೊಯ್ಲಾದ ವಿಳಾಸವನ್ನು ಪುಟದಿಂದ ತೆಗೆದರೂ ಅನ್ಯರ ಪಟ್ಟಿಗಳಿಂದ ಅದು ಅಳಿಯದು. ಇನ್ನೂ ಸಿಗದವರ ಕೈಗೆ ಸಿಗದಂತಾಗುವುದಷ್ಟೇ ಲಾಭ. ಹಾಗೆ ತೆಗೆಯುವಾಗ ಸ್ಮರಣ ಸಂಚಿಕೆ, ವಾರ್ಷಿಕ ವರದಿಗಳ ಪಿಡಿಎಫ್ ಪ್ರತಿಗಳನ್ನು ಮರೆಯುವವರೇ ಹೆಚ್ಚು. ಜಾಲತಾಣದ ಮೂಲೆಯಲ್ಲಿ ವರ್ಷಗಳಿಂದ ಕುಳಿತಿರುವ ಅವುಗಳ ಕೊನೆಯ ಪುಟಗಳಲ್ಲಿ ಸದಸ್ಯರ ಪೂರ್ಣ ಯಾದಿಯೇ ಇರುತ್ತದೆ.