ಕೊಯ್ಲು ಮುಗಿಯಲಿ ಎನ್ನಬೇಡಿ: ಹೆಪಟೈಟಿಸ್ ಸಿ ಚಿಕಿತ್ಸೆಯೂ ತೋಟದ ಕೆಲಸವೂ

ಕೊಯ್ಲಿನ ಕಾಲ ಹತ್ತಿರ ಬಂದಂತೆ ಬೆಳೆಗಾರರಾದ ನಮ್ಮ ಬಾಯಲ್ಲಿ ಒಂದು ಮಾತು ಹೆಚ್ಚಾಗಿ ಬರುತ್ತದೆ: “ಇದೊಂದು ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ.” ಮನೆಯ ರಿಪೇರಿ, ಮಗಳ ಮದುವೆಯ ಮಾತುಕತೆ, ಬ್ಯಾಂಕಿನ ಕಂತು, ಎಲ್ಲವೂ ಈ ಮಾತಿನ ಕೆಳಗೆ ಬರುತ್ತವೆ. ವೈದ್ಯರು ಬರೆದ ಚೀಟಿಯೂ ಬರುತ್ತದೆ.

ಕಳೆದ ತಿಂಗಳು, ತೊಣ್ಣೂರು ಕೆರೆಯ ಕೆಳಗಿರುವ ನಮ್ಮ ಅಡಿಕೆ ತೋಟದಲ್ಲಿ ಬಹು ವರ್ಷಗಳಿಂದ ಗೊನೆ ಇಳಿಸುತ್ತಿರುವ ಆಳೊಬ್ಬರು ಅಂಥದೊಂದು ಚೀಟಿ ಹಿಡಿದು ಬಂದರು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಎಂದು ತಿಳಿದಿತ್ತು. “ಗೌಡ್ರೆ, ಮಾತ್ರೆ ತಕಂಡ್ರೆ ಸುಸ್ತಾಯ್ತದಂತೆ. ಕೊಯ್ಲು ಮುಗುದ್ ಮ್ಯಾಲೆ ಸುರು ಮಾಡ್ಲಾ?” ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ನಮಗೆ ಪುಸ್ತಕದಿಂದ ಬಂದದ್ದಲ್ಲ. ಅದೇ ರೋಗಕ್ಕೆ ನಾವೂ ಎರಡು ಬಾರಿ ಚಿಕಿತ್ಸೆ ಪಡೆದಿದ್ದೇವೆ. ಇಷ್ಟು ವರ್ಷ ಸದಸ್ಯರಿಂದ ಮುಚ್ಚಿಟ್ಟಿದ್ದ ಈ ಸಂಗತಿಯನ್ನು ಈಗ ಹೇಳುವುದು ಒಳ್ಳೆಯದೆಂದು ತೋರಿದೆ.

ರೋಗ ಬಂದ ದಾರಿ

1994ರಲ್ಲಿ ಸ್ಕೂಟರಿನಿಂದ ಬಿದ್ದು ನಮಗೆ ಶಸ್ತ್ರಚಿಕಿತ್ಸೆಯಾಯಿತು. ಎರಡು ಬಾಟಲಿ ರಕ್ತ ಕೊಟ್ಟರು. ಈ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಆದ್ದರಿಂದ ಯಾರನ್ನೂ ದೂರುವಂತಿಲ್ಲ. 2009ರಲ್ಲಿ ಸಂಘದ ರಕ್ತದಾನ ಶಿಬಿರದಲ್ಲಿ, ಕಾರ್ಯದರ್ಶಿಯೇ ಮೊದಲು ಮಲಗಬೇಕೆಂದು ನಾವು ಮಲಗಿದೆವು. ವಾರದ ಮೇಲೆ, ಬಂದು ಕಾಣಿರೆಂದು ಕಾಗದ ಬಂತು. ಅಲ್ಲಿಯವರೆಗೆ ಹದಿನೈದು ವರ್ಷ ಯಾವ ನೋವೂ ಇರಲಿಲ್ಲ, ಕಾಮಾಲೆಯೂ ಇರಲಿಲ್ಲ.

ಈ ರೋಗದ ಸ್ವಭಾವವೇ ಅದು. ಸೋಂಕು ತಗುಲಿದ ನೂರು ಜನರಲ್ಲಿ ಸುಮಾರು ಮೂವತ್ತು ಮಂದಿಗೆ ತಾನಾಗಿಯೇ ವಾಸಿಯಾಗುತ್ತದೆ. ಉಳಿದವರಲ್ಲಿ ಸದ್ದಿಲ್ಲದೆ ಉಳಿಯುತ್ತದೆ. ಹಾಗೆ ಉಳಿದವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಇಪ್ಪತ್ತು ವರ್ಷದೊಳಗೆ ಪಿತ್ತಜನಕಾಂಗ, ಅಂದರೆ ಈಲಿ, ಗಟ್ಟಿಯಾಗಿ ಕುಗ್ಗುವ ಸಿರೋಸಿಸ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇರಿಗೆ ರೋಗ ಹತ್ತಿದ ಮರದ ಸುಳಿ ಬಹುಕಾಲ ಹಸಿರಾಗಿಯೇ ಕಾಣುವುದಿಲ್ಲವೇ? ಹಾಗೆ.

ಇಪ್ಪತ್ತನಾಲ್ಕು ವಾರಗಳು

ಆಗ ಇದ್ದದ್ದು ಇಂಟರ್‌ಫೆರಾನ್ ಚುಚ್ಚುಮದ್ದು, ವಾರಕ್ಕೊಂದು. ಜೊತೆಗೆ ದಿನವೂ ರೈಬಾವಿರಿನ್ ಮಾತ್ರೆ. ನಮಗೆ 24 ವಾರ ಹೇಳಿದರು. 2009ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಮುಂದೆ ಅಡಿಕೆ ಕೊಯ್ಲು, ಅದರ ಬೆನ್ನಿಗೆ ಸಂಘದಲ್ಲಿ ಕಾಫಿ ತೂಕ.

ಚುಚ್ಚುಮದ್ದು ಹಾಕಿದ ಕೆಲವು ಗಂಟೆಗಳಲ್ಲಿ ಚಳಿಜ್ವರ, ಮೈಕೈ ನೋವು. ಮೊದಲ ಎರಡು ವಾರ ಬುಧವಾರ ಹಾಕಿಸಿಕೊಂಡು ಗುರುವಾರದ ಕೆಲಸ ಕೆಡಿಸಿಕೊಂಡೆವು. ಆಮೇಲೆ ವೈದ್ಯರನ್ನು ಕೇಳಿ ಶನಿವಾರ ರಾತ್ರಿಗೆ ಬದಲಿಸಿಕೊಂಡೆವು. ಭಾನುವಾರ ಕಂಬಳಿ ಹೊದ್ದು ಮಲಗುವುದು, ಸೋಮವಾರ ಕಚೇರಿಗೆ ಹೋಗುವುದು. ಈ ಒಂದು ಬದಲಾವಣೆಯಿಂದ ಅರ್ಧ ಕಷ್ಟ ಇಳಿಯಿತು.

ಇನ್ನರ್ಧ ರೈಬಾವಿರಿನ್ನಿನದು. ಅದು ರಕ್ತವನ್ನು ಕುಗ್ಗಿಸುತ್ತದೆ. 14 ಇದ್ದ ಹಿಮೋಗ್ಲೋಬಿನ್ ಎರಡು ತಿಂಗಳಲ್ಲಿ 9.8ಕ್ಕೆ ಇಳಿಯಿತು. ಕೆರೆ ಏರಿ ಹತ್ತಿದರೆ ಏದುಸಿರು, ಬಗ್ಗಿ ಎದ್ದರೆ ತಲೆಸುತ್ತು. ವೈದ್ಯರು ಮಾತ್ರೆಯ ಪ್ರಮಾಣ ತಗ್ಗಿಸಿದರು.

ಮೈಗಿಂತ ಹೆಚ್ಚು ಕೆಟ್ಟದ್ದು ಮನಸ್ಸು. ಹದಿನೆಂಟನೆಯ ವಾರದಲ್ಲಿ, ತೂಕದಲ್ಲಿ ಎರಡು ಕಿಲೋ ಕಡಿಮೆ ಬರೆದಿದೆಯೆಂದು ಮೆಲ್ಲಗೆ ಕೇಳಿದ ಹಿರಿಯ ಸದಸ್ಯರೊಬ್ಬರ ಮುಂದೆ ನಾವು ಲೆಕ್ಕದ ಪುಸ್ತಕ ಎಸೆದೆವು. ಮಾರನೆಯ ದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಕಾರಣ ಮಾತ್ರ ಹೇಳಲಿಲ್ಲ. ಇಂಟರ್‌ಫೆರಾನ್ ಸಿಡುಕನ್ನೂ ಖಿನ್ನತೆಯನ್ನೂ ತರುತ್ತದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. “ನೀವು ನೀವಾಗಿಲ್ಲ” ಎಂದು ಮನೆಯವರು ಹೇಳಿದಾಗಲೂ ನಾವು ಕಿವಿಗೊಡಲಿಲ್ಲ. ಆ ಹಿರಿಯರು ಈಗಿಲ್ಲ. ಅವರಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಹೇಳಿದಂತಾಯಿತು.

ಚಿಕಿತ್ಸೆ ಮುಗಿದ ಆರು ತಿಂಗಳಿಗೆ ಪರೀಕ್ಷಿಸಿದಾಗ ವೈರಸ್ ಮರಳಿತ್ತು.

ಹನ್ನೆರಡು ವಾರದ ಮಾತ್ರೆ

2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಎಂಬ ಮಾತ್ರೆಗೆ ಒಪ್ಪಿಗೆ ದೊರೆಯಿತು. ಅಲ್ಲಿ ಒಂದು ಮಾತ್ರೆಯ ಬೆಲೆ 1,000 ಡಾಲರ್! 2015ರಲ್ಲಿ ನಮ್ಮ ದೇಶದ ಕಂಪನಿಗಳೇ ತಯಾರಿಸತೊಡಗಿದಾಗ 28 ಮಾತ್ರೆಯ ಸೀಸೆಗೆ 19,900 ರೂಪಾಯಿ ಬೆಲೆ ಗೊತ್ತಾಯಿತು. 2016ರಲ್ಲಿ ನಾವು ಅದನ್ನು ಡಕ್ಲಾಟಸ್ವಿರ್ ಜೊತೆ 84 ದಿನ ನುಂಗಿದೆವು. ಸ್ವಲ್ಪ ತಲೆನೋವು, ಮಧ್ಯಾಹ್ನದ ಹೊತ್ತು ಆಯಾಸ, ಕೆಲವು ರಾತ್ರಿ ನಿದ್ದೆಯಿಲ್ಲ, ಅಷ್ಟೆ. ಒಂದು ದಿನವೂ ಕಚೇರಿ ತಪ್ಪಲಿಲ್ಲ. ಮುಗಿದ ಹನ್ನೆರಡು ವಾರಕ್ಕೆ ಪರೀಕ್ಷೆ ಮಾಡಿಸಿದಾಗ ವೈರಸ್ ಇರಲಿಲ್ಲ. ಈ ಮಾತ್ರೆಗಳಿಂದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ.

2018ರ ಜುಲೈ 28ರಂದು ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ನಮ್ಮ ಕಡೆಯವರು ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ವಿಚಾರಿಸಬಹುದು.

ಕೆಲಸದ ಹೊಂದಾಣಿಕೆ

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಮಾತ್ರೆ ದಿನವೂ ಒಂದೇ ಹೊತ್ತಿಗೆ. ಬೆಳಗಿನ ತಿಂಡಿಯ ಜೊತೆಗಾದರೆ ಮರೆಯುವುದಿಲ್ಲ. ಮೈ ಹಗುರಾಯಿತೆಂದು ನಡುವೆ ಬಿಡಬಾರದು.

2. ಭಾರದ ಕೆಲಸ ತಂಪು ಹೊತ್ತಿನಲ್ಲಿ ಮುಗಿಯಲಿ. ಮಧ್ಯಾಹ್ನ ಲೆಕ್ಕ ಬರೆಯುವುದು, ಅಡಿಕೆ ಆರಿಸುವುದು ಇತ್ಯಾದಿ ಕುಳಿತ ಕೆಲಸ. ನೀರು ಧಾರಾಳವಾಗಿ ಕುಡಿಯಬೇಕು.

3. ಈಲಿ ಹೆಚ್ಚು ಕೆಟ್ಟವರಿಗೆ ಈಗಲೂ ರೈಬಾವಿರಿನ್ ಕೊಡುವುದುಂಟು. ಅಂಥವರು ಮರ ಹತ್ತಬಾರದು, ಔಷಧಿ ಸಿಂಪಡಿಸುವ ಕ್ಯಾನು ಹೊರಬಾರದು. ಅದು ಗರ್ಭಸ್ಥ ಶಿಶುವಿಗೆ ಅಪಾಯಕರ. ಗಂಡಸು ನುಂಗುತ್ತಿದ್ದರೂ ಹೆಂಡತಿ ಬಸಿರಾಗದಂತೆ ಎಚ್ಚರ ವಹಿಸತಕ್ಕದ್ದು. ಈ ಎಚ್ಚರ ಎಷ್ಟು ಕಾಲವೆಂದು ವೈದ್ಯರನ್ನೇ ಕೇಳಬೇಕು.

4. ಹೃದಯಕ್ಕೆ, ಮೂರ್ಛೆಗೆ, ಕ್ಷಯಕ್ಕೆ, ಹೊಟ್ಟೆ ಉರಿಗೆ ನುಂಗುವ ಮಾತ್ರೆಗಳಿದ್ದರೆ ಮೊದಲೇ ವೈದ್ಯರ ಮುಂದಿಡಬೇಕು. ಅಮಿಯೊಡರೋನ್ ಎಂಬ ಹೃದಯದ ಮಾತ್ರೆಯ ಜೊತೆ ಸೊಫೊಸ್ಬುವಿರ್ ಸೇರಿದರೆ ನಾಡಿ ಅಪಾಯಕರವಾಗಿ ಇಳಿಯಬಹುದು. ಕಾಮಾಲೆಗೆಂದು ಕೊಡುವ ಸೊಪ್ಪಿನ ರಸವನ್ನು ವೈದ್ಯರಿಗೆ ತಿಳಿಸದೆ ಕುಡಿಯಬಾರದು. ಹೆಂಡ, ಸಾರಾಯಿ ಪೂರ್ಣ ನಿಷಿದ್ಧ.

5. ಇದು ರಕ್ತದಿಂದ ಹರಡುವ ರೋಗ. ಒಂದೇ ತಟ್ಟೆಯಲ್ಲಿ ಉಂಡರೆ, ಒಟ್ಟಿಗೆ ಕೂತರೆ ಬರುವುದಿಲ್ಲ. ಕ್ಷೌರದ ಬ್ಲೇಡು ಮಾತ್ರ ಹಂಚಿಕೊಳ್ಳಬಾರದು. ಅಡಿಕೆ ಸುಲಿಯುವಾಗ ಕೈ ಕೊಯ್ದರೆ ಗಾಯ ಕಟ್ಟಿ, ಕತ್ತಿಯನ್ನು ತೊಳೆದ ಮೇಲೆಯೇ ಇನ್ನೊಬ್ಬರಿಗೆ ಕೊಡಬೇಕು.

6. ಮನೆಯಲ್ಲೂ ಕೆಲಸದ ಜಾಗದಲ್ಲೂ ಒಬ್ಬರಿಗಾದರೂ ವಿಷಯ ತಿಳಿದಿರಲಿ. ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಕಾಫಿ ಮತ್ತು ಅಡಿಕೆ

ಕಾಫಿ ಬೆಳೆಗಾರರಿಗೆ ಒಂದು ಸಂತೋಷದ ಸುದ್ದಿಯುಂಟು. ದಿನಕ್ಕೆ ಮೂರು ಲೋಟಕ್ಕೆ ಕಡಿಮೆಯಿಲ್ಲದೆ ಕಾಫಿ ಕುಡಿಯುವ ಹೆಪಟೈಟಿಸ್ ಸಿ ರೋಗಿಗಳಲ್ಲಿ ಈಲಿಯ ಕಾಯಿಲೆ ನಿಧಾನವಾಗಿ ಮುಂದುವರಿಯಿತೆಂದು ಅಮೆರಿಕದ ಅಧ್ಯಯನವೊಂದು 2009ರಲ್ಲಿ ತಿಳಿಸಿತು. ಆದರೆ ಕಾಫಿ ಮಾತ್ರೆಗೆ ಬದಲಿಯಲ್ಲ.

ಅಡಿಕೆಯ ವಿಷಯ ಬರೆಯಲು ಲೇಖನಿ ಹಿಂಜರಿಯುತ್ತದೆ. ನಮ್ಮ ಅನ್ನವೇ ಅದು. ಆದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದೆ. ಎಲೆ ಅಡಿಕೆ ಜಗಿಯುವವರಲ್ಲಿ ಈಲಿಯ ಕ್ಯಾನ್ಸರ್ ಹೆಚ್ಚೆಂದು ತೈವಾನಿನ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಈ ರೋಗ ಇದ್ದವರು ತಾಂಬೂಲ ಬಿಡುವುದೇ ಲೇಸು. ಊಟದ ಮೇಲೆ ಹಾಕಿಕೊಳ್ಳುತ್ತಿದ್ದ ಎಲೆ ಅಡಿಕೆಯನ್ನು ನಾವು 2016ರಲ್ಲಿ ಬಿಟ್ಟೆವು. ಸಂಘದ ಕಾರ್ಯದರ್ಶಿ ಸತ್ಯ ಮರೆಮಾಚಿ ಮಾಲು ಮಾರಬಾರದು.

ಕೊನೆಯ ಮಾತು

ನಮ್ಮ ಆಳಿಗೆ ನಾವು ಹೇಳಿದ್ದಿಷ್ಟೆ: “ಇವತ್ತೇ ಸುರು ಮಾಡು. ಮರ ಬೇರೆಯವರು ಹತ್ತುತ್ತಾರೆ. ನೀನು ಕಣದಲ್ಲಿ ಕೂತು ಅಡಿಕೆ ಆರಿಸು. ಕೂಲಿಯಲ್ಲಿ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ.” ಈಗ ಅವರಿಗೆ ಮೂರನೆಯ ವಾರ. ಸ್ವಲ್ಪ ತಲೆನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ.

ಮಾತ್ರೆಯನ್ನು ಸರ್ಕಾರ ಕೊಡುತ್ತದೆ. ಹನ್ನೆರಡು ವಾರದ ಹಗುರ ಕೆಲಸವನ್ನೂ ಪೂರ್ತಿ ಕೂಲಿಯನ್ನೂ ಕೊಡಬೇಕಾದವರು ತೋಟದ ಯಜಮಾನರಾದ ನಾವು. ಅದಿಲ್ಲದಿದ್ದರೆ ಬಡವನ ಚೀಟಿ ಕೊಯ್ಲು ಮುಗಿಯುವವರೆಗೆ ಜೇಬಿನಲ್ಲೇ ಉಳಿಯುತ್ತದೆ. ಹಿಂದೆ ಎಂದಾದರೂ ರಕ್ತ ಪಡೆದವರು, ಕಂಡಕಂಡಲ್ಲಿ ಸೂಜಿ ಹಾಕಿಸಿಕೊಂಡವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ. ವಿಚಾರಿಸಬೇಕೆನಿಸಿದರೆ ಸಂಘದ ಕಚೇರಿಗೆ ಬನ್ನಿ. ಕೇಳಿದ್ದು ನಮ್ಮಲ್ಲೇ ಉಳಿಯುತ್ತದೆ.